ಮದ್ದು ಮಾರುವವನಿಗಿಂತ ಮೊದಲು ಜನರನ್ನು ನೋಡಿ: ಯುರೋಪಿನ ಹಳೇ ಬೀದಿ ಮುದ್ರಣಚಿತ್ರಗಳನ್ನು ಓದುವ ಬಗೆ

ನಾಲ್ಕು ಹಲಗೆ ಜೋಡಿಸಿದ ಅಟ್ಟಣೆ. ಅದರ ಮೇಲೆ ದೊಡ್ಡ ಟೋಪಿಯವನೊಬ್ಬ ಸೀಸೆ ಎತ್ತಿ ಹಿಡಿದಿದ್ದಾನೆ. ಪಕ್ಕದಲ್ಲಿ ಮುಖವಾಡ ಹಾಕಿದ ಕೋಡಂಗಿ, ಒಂದು ಮಂಗ, ಬಾಯಿ ತೆರೆದ ಪೆಟ್ಟಿಗೆ. ಕೆಳಗೆ ಕತ್ತೆತ್ತಿ ನಿಂತ ಜನ. ಯುರೋಪಿನಲ್ಲಿ 1500ರಿಂದ 1800ರವರೆಗೆ ಅಚ್ಚಾದ ಚಿತ್ರಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಸಿಗುತ್ತದೆ. ಊರೂರು ಸುತ್ತಿ ಮದ್ದು ಮಾರುವವರು, ಹಲ್ಲು ಕೀಳುವವರು, ಹಗ್ಗದ ಮೇಲೆ ನಡೆಯುವವರು, ಹಾವು ಹಿಡಿದು ತೋರಿಸುವವರು. ಇಟಲಿ, ಫ್ರಾನ್ಸ್, ಹಾಲೆಂಡ್, ಇಂಗ್ಲೆಂಡ್, ಎಲ್ಲ ಕಡೆಯೂ ಇವರನ್ನು ಚಿತ್ರ ಬರೆದಿಟ್ಟವರಿದ್ದಾರೆ.

ಈ ಚಿತ್ರಗಳಲ್ಲಿ ಸಾವಿರಾರು ಈಗ ಮನೆಯಲ್ಲೇ ಕೂತು, ಒಂದು ರೂಪಾಯಿ ಕೊಡದೆ ನೋಡಲು ಸಿಗುತ್ತವೆ. ಆದರೆ ಸುಮ್ನೆ ಸ್ಕ್ರಾಲ್ ಮಾಡುತ್ತಾ ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಸ್ವಲ್ಪ ನಿಂತು, ಒಂದು ಕ್ರಮದಲ್ಲಿ ನೋಡಿದರೆ ಒಂದೊಂದು ಚಿತ್ರವೂ ಒಂದೊಂದು ಊರಿನ ಕಥೆ ಹೇಳುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಕಲಾ ಇತಿಹಾಸ ಓದಿರಬೇಕಾಗಿಲ್ಲ.

1. ದೊಡ್ಡ ಫೈಲ್ ಇಳಿಸಿಕೊಳ್ಳಿ

ಹುಡುಕಾಟದ ಪುಟದಲ್ಲಿ ಕಾಣುವ ಅಂಗೈಯಗಲದ ಚಿತ್ರ ಸಾಲದು. ಈ ಚಿತ್ರಗಳ ಮುಖ್ಯ ವಿಷಯವೆಲ್ಲ ಮೂಲೆಯಲ್ಲಿರುತ್ತದೆ, ಬೆರಳುಗಳಲ್ಲಿರುತ್ತದೆ. ಹಾಗಾಗಿ ದೊಡ್ಡ ಗಾತ್ರದ ಫೈಲ್ ಕೊಡುವ ಕಡೆಗೇ ಹೋಗಿ. ಲಂಡನ್ನಿನ ವೆಲ್‌ಕಮ್ ಕಲೆಕ್ಷನ್‌ನಿಂದ ಶುರು ಮಾಡುವುದು ಒಳ್ಳೆಯದು. ವೈದ್ಯದ ಇತಿಹಾಸವೇ ಅವರ ವಿಷಯ. ಆಮೇಲೆ ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣ.

ಹುಡುಕುವಾಗ ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಮೌಂಟಿಬ್ಯಾಂಕ್, ಕ್ವ್ಯಾಕ್ ಡಾಕ್ಟರ್, ಟೂತ್ ಡ್ರಾಯರ್ ಎಂದು ಹುಡುಕಿ. ಇಟಾಲಿಯನ್ನಿನಲ್ಲಿ ಚಾರ್ಲತಾನೊ, ಡಚ್‌ನಲ್ಲಿ ಕ್ವಾಕ್‌ಸಾಲ್ವರ್, ಜರ್ಮನ್ನಿನಲ್ಲಿ ಮಾರ್ಕ್ಟ್‌ಶ್ರೈಯರ್. ಸ್ಪೆಲಿಂಗ್‌ಗೆ ಭಾಷಾಂತರದ ಆ್ಯಪ್ ಇದೆ. ಭಾಷೆ ಬದಲಿಸಿದ ಕೂಡಲೇ ಬೇರೆಯೇ ಚಿತ್ರಗಳು ಬರುತ್ತವೆ, ನೋಡಿ.

ಡಚ್ ಕಲಾವಿದ ರೆಂಬ್ರಾಂಟ್‌ನ ಎಚಿಂಗ್ (ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆಸಿ ತೆಗೆದ ಅಚ್ಚು) ಬೇಕಿದ್ದರೆ ಇನ್ನೂ ಸುಲಭ. ಆಡಮ್ ಬಾರ್ಚ್ ಎಂಬಾತ 1797ರಲ್ಲಿ ಅವಕ್ಕೆಲ್ಲ ಸಂಖ್ಯೆ ಕೊಟ್ಟ. ಇಲಿಪಾಷಾಣ ಮಾರುವವನ ಚಿತ್ರ ಬಾರ್ಚ್ 121, ನಾಟಿ ಮದ್ದು ಮಾರುವವನದು ಬಾರ್ಚ್ 129. ಹೆಸರಿನಲ್ಲಿ ಗೊಂದಲವಾದರೂ ಸಂಖ್ಯೆ ಕೈಬಿಡುವುದಿಲ್ಲ.

ಇಳಿಸಿಕೊಂಡ ಮೇಲೆ ಮೂಲದ ಅಳತೆ ಎಷ್ಟು ಎಂದು ಓದಿಕೊಳ್ಳಿ. ಪರದೆಯಲ್ಲಿ ಎಲ್ಲವೂ ಒಂದೇ ಗಾತ್ರ ಕಾಣುತ್ತದೆ, ಅದು ಮೋಸ. ರೆಂಬ್ರಾಂಟ್‌ನ 1635ರ ಮದ್ದು ಮಾರುವವನ ಚಿತ್ರ ಎಂಟು ಸೆಂಟಿಮೀಟರ್ ಎತ್ತರ ಕೂಡ ಇಲ್ಲ. ಜಾಕ್ ಕಾಲೊ ಎಂಬ ಕಲಾವಿದ 1620ರಲ್ಲಿ ಮಾಡಿದ ಇಂಪ್ರುನೇತಾ ಜಾತ್ರೆಯ ಚಿತ್ರ ಸುಮಾರು 67 ಸೆಂಟಿಮೀಟರ್ ಅಗಲ ಇದೆ. ಮೊದಲಿನದು ಅಂಗೈಯಲ್ಲಿ ಇಟ್ಟುಕೊಂಡು ನೋಡುವಂಥದ್ದು. ಎರಡನೆಯದನ್ನು ಮೇಜಿನ ಮೇಲೆ ಹರಡಬೇಕು.

2. ಜನರಿಂದ ಶುರು ಮಾಡಿ

ಕಣ್ಣು ತಾನಾಗಿಯೇ ಅಟ್ಟಣೆಯ ಮೇಲೆ ಹೋಗುತ್ತದೆ. ಮದ್ದು ಮಾರುವವನಿಗೆ ಬೇಕಿದ್ದದ್ದೂ ಅದೇ. ನೀವು ಬೇಕೆಂದೇ ಕೆಳಗೆ ನೋಡಿ. ಬೇಕಾದರೆ ಚಿತ್ರದ ಮೇಲ್ಭಾಗಕ್ಕೆ ಒಂದು ಕಾಗದ ಅಡ್ಡ ಇಡಿ. ಚಿತ್ರಕಾರ ಈ ವ್ಯಾಪಾರದ ಬಗ್ಗೆ ಏನಂದುಕೊಂಡಿದ್ದ ಅನ್ನುವುದು ಬಹಳ ಸಲ ಜನರ ನಡುವೆಯೇ ಅಡಗಿರುತ್ತದೆ.

ಒಂದೇ ಒಂದು ಉದಾಹರಣೆ ಸಾಕು. ಲೂಕಾಸ್ ವಾನ್ ಲೈಡನ್ 1523ರಲ್ಲಿ ತಾಮ್ರದ ಮೇಲೆ ಕೊರೆದ ಹಲ್ಲು ಕೀಳುವವನ ಚಿತ್ರ ತೆಗೆಯಿರಿ. ವೈದ್ಯ ಹಳ್ಳಿಯವನ ಬಾಯಿಗೆ ಕೈ ಹಾಕಿದ್ದಾನೆ. ಹಳ್ಳಿಯವನಿಗೆ ನೋವು ಬಿಟ್ಟು ಬೇರೇನೂ ಗೊತ್ತಾಗುತ್ತಿಲ್ಲ. ಈಗ ಅವನ ಹಿಂದೆ ನಿಂತ ಹೆಂಗಸಿನ ಕೈ ನೋಡಿ. ಅದು ಮೆಲ್ಲಗೆ ಅವನ ದುಡ್ಡಿನ ಚೀಲದೊಳಗೆ ಇಳಿದಿದೆ. ಮುಂದೆ ಒಬ್ಬ ಬಾಯಿಗೆ ಕೈ ಹಾಕಿದ್ದಾನೆ, ಹಿಂದೆ ಒಬ್ಬಳು ಜೇಬಿಗೆ. ಇಬ್ಬರೂ ಒಂದೇ ಎಂದು ಕಲಾವಿದ ಹೇಳುತ್ತಿದ್ದಾನೆ, ಅದೂ ಒಂದಕ್ಷರ ಬರೆಯದೆ. ಈ ಜೇಬುಗಳ್ಳ ಮುಂದಿನ ಶತಮಾನದಲ್ಲೂ ಬರುತ್ತಾನೆ. 1652ರಲ್ಲಿ ಹೆರಿಟ್ ಡೌ ಬರೆದ ವರ್ಣಚಿತ್ರದಲ್ಲೂ, ಮದ್ದಿನ ಮಾತು ಕೇಳುತ್ತಾ ಮೈಮರೆತವರ ಜೇಬಿಗೆ ಕೈ ಬಿದ್ದಿದೆ. ಆ ಚಿತ್ರ ಈಗ ರಾಟರ್‌ಡಾಮ್‌ನಲ್ಲಿದೆ. ಅದರಲ್ಲಿ ಕಲಾವಿದ ಬಣ್ಣದ ತಟ್ಟೆ ಹಿಡಿದು ಕಿಟಕಿಯಿಂದ ತಾನೇ ಇಣುಕುತ್ತಿರುವುದೂ ಇದೆ. ಜನರ ಕಣ್ಣಿಗೆ ಮಂಕುಬೂದಿ ಎರಚುವ ಕಸುಬು ತನ್ನದೂ ಹೌದು ಅಂತ ಹೇಳುತ್ತಿದ್ದಾನೆ ಅಂತ ನಾನು ಓದಿಕೊಳ್ಳುತ್ತೇನೆ.

ಹಾಗಾಗಿ ಜನರನ್ನು ನೋಡುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಯಾರ ಕೈ ಎಲ್ಲಿದೆ? ಅಟ್ಟಣೆಯ ಕಡೆ ನೋಡದೆ ಬೇರೆಲ್ಲೋ ನೋಡುತ್ತಿರುವವರು ಯಾರು? ಮೇಲ್ವರ್ಗದ ಬಟ್ಟೆ ಹಾಕಿದವರು ಮುಂದೆ ನಿಂತಿದ್ದಾರಾ, ದೂರದಲ್ಲಾ? ಹೆಂಗಸರು, ಮಕ್ಕಳು ಎಷ್ಟು ಜನ? ನಿಜವಾಗಿ ದುಡ್ಡು ಕೊಟ್ಟು ಕೊಳ್ಳುತ್ತಿರುವವರು ಒಬ್ಬರಾದರೂ ಇದ್ದಾರಾ?

ಕೊನೆಯ ಪ್ರಶ್ನೆಯೇ ನನಗೆ ಇಷ್ಟ. ಚಿತ್ರದಲ್ಲಿ ನೂರು ಜನ ನೋಡುತ್ತಿರುತ್ತಾರೆ, ಕೊಳ್ಳುವ ಕೈ ಒಂದೋ ಎರಡೋ.

ವೆನಿಸ್‌ನ ಜಾಕೊಮೊ ಫ್ರಾಂಕೊ 1610ರ ಸುಮಾರಿಗೆ ಪ್ರಕಟಿಸಿದ ಸಾನ್ ಮಾರ್ಕೊ ಚೌಕದ ಚಿತ್ರದಲ್ಲಿ ಜನರ ಉಡುಪು ಗಮನಿಸಿ. ಬೇರೆ ಬೇರೆ ದೇಶದವರು ನಿಂತು ನೋಡುತ್ತಿದ್ದಾರೆ. ವೆನಿಸ್ ಬಂದರು ಪಟ್ಟಣ, ಆ ಚಿತ್ರ ಕೊಳ್ಳುತ್ತಿದ್ದವರಲ್ಲಿ ಹೊರಗಿನಿಂದ ಬಂದ ಪ್ರವಾಸಿಗರೂ ಇದ್ದರು. ನಮ್ಮ ಊರಿನಲ್ಲಿ ದಿನಾ ಇದು ನಡೆಯುತ್ತದೆ, ಜಗತ್ತೇ ಬಂದು ನೋಡುತ್ತದೆ ಎಂಬ ಹೆಮ್ಮೆ ಅದರಲ್ಲಿದೆ. ಲೂಕಾಸ್‌ನ ಚಿತ್ರದಲ್ಲಿದ್ದ ಎಚ್ಚರಿಕೆ ಇಲ್ಲಿಲ್ಲ. ವಿಷಯ ಒಂದೇ ಆದರೂ ಜನರನ್ನು ತೋರಿಸಿದ ರೀತಿಯಿಂದಲೇ ಎರಡು ಚಿತ್ರಗಳ ಮನಸ್ಸು ಬೇರೆಯಾಯಿತು.

ಕಾಲೊನ ಇಂಪ್ರುನೇತಾದಲ್ಲಿ ಎಣಿಸಿದವರ ಲೆಕ್ಕದಂತೆ 1,100ಕ್ಕೂ ಜಾಸ್ತಿ ಜನ, 137 ನಾಯಿಗಳಿವೆ. ಫ್ಲಾರೆನ್ಸ್ ಹತ್ತಿರದ ಆ ಊರಿನಲ್ಲಿ ಅಕ್ಟೋಬರ್‌ನಲ್ಲಿ ಸಂತ ಲೂಕನ ಹಬ್ಬಕ್ಕೆ ಕೂಡುತ್ತಿದ್ದ ಜಾತ್ರೆ ಅದು. ಅಷ್ಟು ಜನರ ನಡುವೆ ಹಾವು ಎತ್ತಿ ತೋರಿಸುತ್ತಿರುವ ಮದ್ದಿನವನನ್ನು ಹುಡುಕಿ. ಎಲ್ಲಿದ್ದಾನೆ ಎಂದು ಹೇಳಿಬಿಟ್ಟರೆ ನಿಮ್ಮ ಸಂತೋಷ ಹೋಗುತ್ತದೆ.

3. ಈಗ ಅಟ್ಟಣೆ ಹತ್ತಿ

ಅಟ್ಟಣೆಯ ಮೇಲಿನ ವಸ್ತುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಕೆಲಸ ಇದೆ.

ಹಾವು ಕಂಡರೆ, ಅಲ್ಲಿ ಮಾರುತ್ತಿರುವುದು ಸಾಮಾನ್ಯವಾಗಿ ವಿಷಕ್ಕೆ ಮದ್ದು. ಇಟಲಿಯಲ್ಲಿ ಸಂತ ಪೌಲನ ವಂಶದವರೆಂದು ಹೇಳಿಕೊಂಡು ಹಾವು ಹಿಡಿದು ತಿರುಗುವವರಿದ್ದರು. ಮಾಲ್ಟಾ ದ್ವೀಪದಲ್ಲಿ ಪೌಲನಿಗೆ ಹಾವು ಕಚ್ಚಿಯೂ ಏನೂ ಆಗಲಿಲ್ಲ ಎಂಬ ಬೈಬಲ್ ಕಥೆ ಇದಕ್ಕೆ ಬೆನ್ನೆಲುಬು. ಅವರು ಮಾಲ್ಟಾದ ಮಣ್ಣನ್ನೇ ಮದ್ದೆಂದು ಮಾರುತ್ತಿದ್ದರು. ಫ್ರಾನ್ಸಿನಲ್ಲಿ ಇದೇ ಜಾಗ ಹಿಡಿದದ್ದು ಓರ್ವಿಯೆತಾನ್ ಎಂಬ ಲೇಹ್ಯ. ಇಟಲಿಯ ಓರ್ವಿಯೆತೊ ಊರಿನ ಹೆಸರು ಅದಕ್ಕೆ. ಕ್ರಿಸ್ತೋಫ್ ಕೊಂತೂಜಿ ಎಂಬುವನು 1647ರಲ್ಲಿ ಅದನ್ನು ಮಾರುವ ರಾಜಸನದನ್ನೇ ಪಡೆದಿದ್ದ.

ಜೋತುಬಿದ್ದ ಮೊಹರುಗಳಿರುವ ಕಾಗದ ಕಂಡರೆ ಅದು ಪರವಾನಗಿ ಅಥವಾ ಪದವಿ ಪತ್ರ. ಇದನ್ನು ನೋಡಿ ಕೂಡಲೇ ಖೋಟಾ ಅಂದುಕೊಳ್ಳಬೇಡಿ. ಇಟಲಿಯ ಎಷ್ಟೋ ರಾಜ್ಯಗಳಲ್ಲಿ ವೈದ್ಯಾಧಿಕಾರಿಗಳ ಕಚೇರಿ ಇತ್ತು. ಮದ್ದು ಮಾರುವವನು ಅಲ್ಲಿ ಹಣ ಕಟ್ಟಿ, ತನ್ನ ಮದ್ದು ಏನೆಂದು ಹೇಳಿ, ಒಪ್ಪಿಗೆ ಪಡೆದು ಚೌಕಕ್ಕೆ ಬರುತ್ತಿದ್ದ. ಚಿತ್ರಕಾರರು ಇವರನ್ನು ವಂಚಕರೆಂದು ಬರೆದರೂ ಊರಿನ ದಫ್ತರದಲ್ಲಿ ಇವರು ಲೈಸೆನ್ಸ್ ಇದ್ದ ವ್ಯಾಪಾರಿಗಳು. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಅರ್ಧ ತಪ್ಪು ಓದು ತಪ್ಪುತ್ತದೆ.

ಕೋಡಂಗಿಯ ಕೆಲಸ ಜನ ಕೂಡಿಸುವುದು. ಪ್ಯಾರಿಸ್ಸಿನ ಪ್ಲಾಸ್ ಡೊಫಿನ್ ಚೌಕದಲ್ಲಿ 1620ರ ಸುಮಾರಿಗೆ ಮೊಂಡೊರ್ ಮತ್ತು ತಬರಾಂ ಎಂಬ ಜೋಡಿ ಇತ್ತು. ಮೊಂಡೊರ್ ಗಂಭೀರವಾಗಿ ಮದ್ದಿನ ಗುಣ ಹೇಳುವುದು, ತಬರಾಂ ಕೊಂಕು ಪ್ರಶ್ನೆ ಕೇಳುವುದು. ಅವರ ಹಾಸ್ಯ ಎಷ್ಟು ಜನಪ್ರಿಯವಾಯಿತೆಂದರೆ ಮಾತುಕತೆಗಳೇ ಪುಸ್ತಕವಾಗಿ ಅಚ್ಚಾದವು. ಲಂಡನ್ನಿನಲ್ಲಿ 1687ರಲ್ಲಿ ಮಾರ್ಸೆಲಸ್ ಲರೂನ್ ಬರೆದ ಬೀದಿ ವ್ಯಾಪಾರಿಗಳ ಚಿತ್ರಮಾಲೆಯಲ್ಲೂ ಮದ್ದು ಮಾರುವವನಿಗೆ ಒಂದು ಹಾಳೆ, ಅವನ ಕೋಡಂಗಿಗೆ ಇನ್ನೊಂದು ಹಾಳೆ. ಅಂದರೆ ಕೋಡಂಗಿಯೂ ಅಷ್ಟೇ ಹೆಸರಾಗಿದ್ದ.

ಚಿತ್ರ ತೋರಿಸಲಾರದ್ದು ಒಂದಿದೆ, ಬೆಲೆಯ ಆಟ. ಅದಕ್ಕೆ ಆ ಕಾಲದ ಬರಹದ ನೆರವು ಬೇಕು. ಥಾಮಸ್ ಕೊರಿಯಾಟ್ ಎಂಬ ಇಂಗ್ಲಿಷ್ ಪ್ರವಾಸಿ 1608ರಲ್ಲಿ ವೆನಿಸ್‌ಗೆ ಹೋಗಿ ಈ ಅಟ್ಟಣೆಗಳ ಮುಂದೆ ನಿಂತಿದ್ದ. ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ಆಟ ನಡೆಯುತ್ತಿತ್ತು ಎನ್ನುತ್ತಾನೆ. ಮೊದಲು ಸಂಗೀತ, ಆಮೇಲೆ ಉದ್ದದ ಭಾಷಣ. ಮದ್ದಿಗೆ ಹತ್ತು ಕ್ರೌನ್ ಎಂದು ಶುರು ಮಾಡಿ ಇಳಿಸುತ್ತಾ ಇಳಿಸುತ್ತಾ ನಾಲ್ಕು ಗಜೆಟ್‌ಗೆ, ಅಂದರೆ ಚಿಲ್ಲರೆ ಕಾಸಿಗೆ ತಂದು ನಿಲ್ಲಿಸುತ್ತಿದ್ದರು. ಒಬ್ಬ ಎಲ್ಲರೆದುರು ತೋಳು ಕೊಯ್ದುಕೊಂಡು, ರಕ್ತ ಹರಿಸಿ, ತನ್ನ ಎಣ್ಣೆ ಹಚ್ಚಿ ವಾಸಿ ಮಾಡಿ ತೋರಿಸಿದ್ದನ್ನೂ ಕೊರಿಯಾಟ್ ಬರೆದಿದ್ದಾನೆ. ನಮ್ಮ ಸಂತೆಯಲ್ಲಿ ಹಾವು-ಮುಂಗುಸಿ ಕಾದಾಟ ಈಗ ಬಿಡುತ್ತೇನೆ ಎನ್ನುತ್ತಲೇ ತಾಯಿತ ಮಾರಿ ಗಂಟು ಕಟ್ಟುವವನ ಮುಂದೆ ನಿಂತವರಿಗೆ ಈ ಲಯ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಆ ಗುರುತು ಇಟ್ಟುಕೊಂಡು ಚಿತ್ರ ನೋಡಿ. ಸೀಸೆ ಎತ್ತಿದ ಕ್ಷಣ ಆಟದ ಶುರುವೋ, ನಡುವೋ, ಬೆಲೆ ಇಳಿಯುವ ಹೊತ್ತೋ ಎಂದು ಊಹಿಸಬಹುದು.

4. ಕೆಳಗಿನ ಅಂಚು ಓದಿ

ಚಿತ್ರದ ಅಡಿಯಲ್ಲಿ ಸಣ್ಣ ಲ್ಯಾಟಿನ್ ಪದಗಳಿರುತ್ತವೆ. ಹೆಸರಿನ ಮುಂದೆ ಇನ್ವ್ ಅಥವಾ ಡೆಲ್ ಎಂದಿದ್ದರೆ ಅವನು ಚಿತ್ರ ಬರೆದವನು. ಪಿಂಕ್ಸ್ ಎಂದಿದ್ದರೆ ಮೂಲ ವರ್ಣಚಿತ್ರ ಅವನದು. ಸ್ಕಲ್ಪ್ ಎಂದರೆ ತಾಮ್ರದ ಮೇಲೆ ಕೊರೆದವನು. ಎಕ್ಸ್‌ಕ್ ಎಂದರೆ ಪ್ರಕಾಶಕ. ಸಾಮಾನ್ಯವಾಗಿ ಬರೆದವನ ಹೆಸರು ಎಡಕ್ಕೆ, ಕೊರೆದವನದು ಬಲಕ್ಕೆ. ಒಂದೇ ಚಿತ್ರಕ್ಕೆ ಮೂವರು ಯಜಮಾನರು ಇರಬಹುದು.

ಚಿತ್ರದ ಸುತ್ತ ಆಯತಾಕಾರದ ಒತ್ತಿದ ಗುರುತು ಕಂಡರೆ ಅದು ತಾಮ್ರದ ತಗಡಿನದು. ಎನ್‌ಗ್ರೇವಿಂಗ್ (ಉಳಿಯಿಂದ ತಗಡು ಕೊರೆಯುವುದು) ಮತ್ತು ಎಚಿಂಗ್‌ನಲ್ಲಿ ಗೆರೆ ತಗ್ಗಿನಲ್ಲಿರುತ್ತದೆ, ಮಸಿ ತಗ್ಗಿಗೆ ತುಂಬುತ್ತದೆ, ರೋಲರ್ ಪ್ರೆಸ್ಸಿನಲ್ಲಿ ಜೋರಾಗಿ ಒತ್ತಿ ತೆಗೆಯಬೇಕು. ಮರದ ಅಚ್ಚಿನಲ್ಲಿ ಗೆರೆ ಉಬ್ಬಿರುತ್ತದೆ, ಅಕ್ಷರದ ಮೊಳೆಗಳ ಜೊತೆಯಲ್ಲೇ ಒಂದೇ ಸಲ ಅಚ್ಚಾಗುತ್ತದೆ. ಹಾಗಾಗಿ ಅಗ್ಗದ ಕರಪತ್ರ, ಹಾಸ್ಯದ ಪುಸ್ತಕಗಳಲ್ಲಿ ಮರದ ಅಚ್ಚು. ತಾಮ್ರದ ಚಿತ್ರ ಕೊಳ್ಳುವವನ ಕೈಯಲ್ಲಿ ಸ್ವಲ್ಪ ದುಡ್ಡಿರಬೇಕು. ಚಿತ್ರದೊಳಗೆ ಬಾಯಿ ಬಿಟ್ಟು ನಿಂತ ಹಳ್ಳಿಯವನು ಆ ಚಿತ್ರವನ್ನು ಕೊಳ್ಳುತ್ತಿದ್ದವನಲ್ಲ. ಕೊಳ್ಳುತ್ತಿದ್ದವನು ಅವನನ್ನು ನೋಡಿ ನಗುತ್ತಿದ್ದವನು. ಈ ಚಿತ್ರಗಳಲ್ಲಿ ಬಡವರು ಯಾಕೆ ಯಾವಾಗಲೂ ಪೆದ್ದರಂತೆ ಕಾಣುತ್ತಾರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಕಾರಣ ನನಗೆ ಕಂಡಿಲ್ಲ.

5. ಎಡ ಬಲ ಪರೀಕ್ಷೆ

ತಗಡಿನಲ್ಲಿ ಬರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಕೆಲವರು ಮೊದಲೇ ತಿರುಗಿಸಿ ಬರೆಯುತ್ತಿದ್ದರು, ಕೆಲವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾರದೋ ಚಿತ್ರ ನೋಡಿ ನಕಲು ಮಾಡಿದವರದ್ದು ಇನ್ನೊಮ್ಮೆ ತಿರುಗುತ್ತಿತ್ತು. ಕತ್ತಿ ಬಲ ಸೊಂಟದಲ್ಲಿ ತೂಗುತ್ತಿದ್ದರೆ, ಎಲ್ಲರೂ ಎಡಗೈಯಲ್ಲೇ ಕೆಲಸ ಮಾಡುತ್ತಿದ್ದರೆ ಅನುಮಾನ ಪಡಿ. ಊರಿನ ಗುರುತಿನ ಕಟ್ಟಡವಿದ್ದರೆ ಇಂದಿನ ಫೋಟೊ ಜೊತೆ ಹೋಲಿಸಿ. ಈ ತಿರುಗುವಿಕೆ ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಅಥವಾ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಗ್ರಾಫಿಕ್ಸ್ (ಮುದ್ರಣಚಿತ್ರ) ವಿಭಾಗದವರನ್ನು ಕೇಳಿಕೊಳ್ಳಿ. ತಗಡನ್ನೂ ಅದರ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿದರೆ ಜನ್ಮಪೂರ್ತಿ ಮರೆಯುವುದಿಲ್ಲ.

6. ಯಾರು, ಯಾರಿಗಾಗಿ ಮಾಡಿಸಿದ್ದು?

ಇದು ಕೊನೆಯ ದೊಡ್ಡ ಪ್ರಶ್ನೆ. ಗೇಲಿ ಮಾಡಲು ಬರೆದ ಚಿತ್ರಕ್ಕೂ ಮಾರುವವನೇ ಮಾಡಿಸಿದ ಚಿತ್ರಕ್ಕೂ ಅಜಗಜಾಂತರ.

ಗೇಲಿಯ ಕಡೆಯಲ್ಲಿ ಲಂಡನ್ನಿನ ವಿಲಿಯಂ ಹೋಗಾರ್ತ್ ದೊಡ್ಡ ಹೆಸರು. 1733ರ ತಾರೀಖಿರುವ ಅವನ ಸದರ್ಕ್ ಜಾತ್ರೆಯ ಚಿತ್ರದಲ್ಲಿ ನಾಟಕದ ಅಟ್ಟಣೆಯೇ ನಟರ ಸಮೇತ ಕುಸಿಯುತ್ತಿದೆ, ಚರ್ಚ್ ಗೋಪುರದಿಂದ ಒಬ್ಬ ಹಗ್ಗದ ಮೇಲೆ ಜಾರಿ ಬರುತ್ತಿದ್ದಾನೆ, ನಡುವೆ ಡೋಲು ಹೊಡೆಯುವ ಹೆಣ್ಣು. ಒಂದು ಪಕ್ಕದಲ್ಲಿ ಮದ್ದಿನವನು ಜನರನ್ನು ಸೆಳೆಯಲು ಬೆಂಕಿ ನುಂಗುತ್ತಿದ್ದಾನೆ. ಹೋಗಾರ್ತ್‌ನ ಇನ್ನೊಂದು ಚಿತ್ರ, 1737ರದು, ಆ ಕಾಲದ ಹೆಸರಾಂತ ಮೂವರನ್ನೇ ಮೇಲ್ಸಾಲಿನಲ್ಲಿ ಕೂರಿಸಿದೆ. ಕಣ್ಣಿನ ವೈದ್ಯ ಜಾನ್ ಟೇಲರ್, ಮೂಳೆ ಕೂರಿಸುವ ಸ್ಯಾಲಿ ಮ್ಯಾಪ್, ಗುಳಿಗೆ ಮಾರುವ ಜೋಶುವಾ ವಾರ್ಡ್. ಇದೇ ಟೇಲರ್ 1750ರಲ್ಲಿ ಸಂಗೀತಗಾರ ಬಾಖ್‌ನ ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿದ. ಬಾಖ್ ಅದೇ ವರ್ಷ ತೀರಿಹೋದ. ನಗಿಸುವ ಚಿತ್ರದ ಹಿಂದೆ ಇಂಥ ನಿಜವಾದ ನೋವೂ ಇರುತ್ತದೆ.

ಇನ್ನೊಂದು ಕಡೆ, ಪ್ರದರ್ಶನದ ಯಜಮಾನರೇ ಅಚ್ಚು ಹಾಕಿಸಿದ ಚಿತ್ರಗಳು. ಇದರಲ್ಲಿ ನಮ್ಮ ಕಡೆಯ ಒಂದು ಜೀವ ಇದೆ. ಬಂಗಾಳದಲ್ಲಿ ಸಾಕಿದ್ದ ಕ್ಲಾರಾ ಎಂಬ ಘೇಂಡಾಮೃಗವನ್ನು ಡಚ್ ಕಪ್ತಾನ ಡೌವೆ ಮೌಟ್ 1741ರಲ್ಲಿ ಹಾಲೆಂಡಿಗೆ ಕೊಂಡೊಯ್ದ. 1758ರಲ್ಲಿ ಲಂಡನ್ನಿನಲ್ಲಿ ಅದು ಸಾಯುವವರೆಗೆ ಊರೂರು ಸುತ್ತಿಸಿ ಟಿಕೆಟ್ ಇಟ್ಟು ತೋರಿಸಿದ. ನೋಡಲು ಬಂದವರಿಗೆ ಅದರ ಮುದ್ರಣಚಿತ್ರ, ಪದಕಗಳನ್ನೂ ಮಾರಿದ. ಅವುಗಳಲ್ಲಿ ಗೇಲಿ ಇಲ್ಲ, ಬೆರಗು ಮಾತ್ರ. ಅದೇ ಕ್ಲಾರಾ 1751ರಲ್ಲಿ ವೆನಿಸ್‌ಗೆ ಬಂದಾಗ ಪಿಯೆತ್ರೊ ಲಾಂಗಿ ಬರೆದ ವರ್ಣಚಿತ್ರ ನೋಡಿ. ಅವನ ಕಣ್ಣು ಮುಖವಾಡ ಹಾಕಿಕೊಂಡು ಬೆಂಚಿನ ಮೇಲೆ ನಿಂತ ನೋಡುಗರ ಮೇಲೂ ಇದೆ. ಪಾಪ, ಕ್ಲಾರಾ ಹುಲ್ಲು ತಿನ್ನುತ್ತಾ ನಿಂತಿದೆ.

ಯುರೋಪಿನಾಚೆ, ಜಪಾನಿನ ತೊಯಾಮಾದ ಹಳೇ ಮದ್ದಿನವರ ದಾರಿ ಬೇರೆ ಇತ್ತು. ಮನೆ ಮನೆಗೆ ಮದ್ದಿನ ಪೆಟ್ಟಿಗೆ ಇಟ್ಟು ಹೋಗುವುದು, ಮುಂದಿನ ಸಲ ಬಂದಾಗ ಬಳಸಿದ್ದಕ್ಕಷ್ಟೇ ದುಡ್ಡು ಪಡೆಯುವುದು, ಬರುವಾಗ ಉಡುಗೊರೆಯಾಗಿ ಕಬುಕಿ ನಾಟಕದ ನಟರ ಬಣ್ಣದ ಮರದಚ್ಚಿನ ಚಿತ್ರ ಕೊಡುವುದು. ಅಲ್ಲಿ ಮುದ್ರಣಚಿತ್ರವೇ ವ್ಯಾಪಾರದ ಒಂದು ಭಾಗವಾಗಿತ್ತು.

7. ಒಂದು ಚಿತ್ರದಲ್ಲಿ ಅಭ್ಯಾಸ

ಈಗ ಬಾರ್ಚ್ 121 ತೆರೆಯಿರಿ. ರೆಂಬ್ರಾಂಟ್, 1632, ಎಚಿಂಗ್, ಸುಮಾರು 14 ಸೆಂಟಿಮೀಟರ್ ಎತ್ತರ. ಇಲ್ಲಿ ಗುಂಪಿಲ್ಲ, ಅಟ್ಟಣೆಯೂ ಇಲ್ಲ. ಮನೆ ಬಾಗಿಲಿಗೇ ಬಂದ ಇಲಿಪಾಷಾಣದವನು. ಹೆಗಲ ಮೇಲೆ ಜೀವಂತ ಇಲಿ. ಕೈಯಲ್ಲಿ ಎತ್ತರದ ಕೋಲು, ಅದರ ತುದಿಗೆ ಬುಟ್ಟಿ, ಬುಟ್ಟಿಯಿಂದ ಜೋತುಬಿದ್ದ ಸತ್ತ ಇಲಿಗಳು. ಮದ್ದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅವೇ ಸಾಕ್ಷಿ. ಜೊತೆಗೆ ಪೆಟ್ಟಿಗೆ ಹಿಡಿದ ಹುಡುಗ.

ಇಲ್ಲಿ ನೋಡುಗ ಒಬ್ಬನೇ, ಅರ್ಧ ಬಾಗಿಲಿನಿಂದ ಬಾಗಿದ ಮನೆಯ ಮುದುಕ. ಅವನ ಮುಖ ಆಚೆ ತಿರುಗಿದೆ, ಕೈ ಮಾತ್ರ ಮುಂದೆ ಬಂದು ಪಾಷಾಣವನ್ನು ದೂರ ತಳ್ಳುತ್ತಿದೆ. ಆ ಕೈಯನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ. ಬೇಡ ಅನ್ನುತ್ತಿದೆಯೇ, ಹೇಸಿಗೆ ಪಡುತ್ತಿದೆಯೇ? ಈಗ ಮಾರುವವನ ಮುಖಕ್ಕೆ ಹೋಗಿ. ಅವನು ಬೆಚ್ಚಿಲ್ಲ. ಇಂಥ ಎಷ್ಟೋ ಬಾಗಿಲು ನೋಡಿದವನು. ರೆಂಬ್ರಾಂಟ್ ಇಬ್ಬರಲ್ಲಿ ಯಾರನ್ನೂ ಗೇಲಿ ಮಾಡಿಲ್ಲ ಅನ್ನುವುದೇ ಈ ಚಿತ್ರವನ್ನು ಉಳಿದವುಗಳಿಂದ ಬೇರೆ ಮಾಡುತ್ತದೆ. ಅಲೆದು ಹೊಟ್ಟೆ ಹೊರೆಯುವವನ ಕಷ್ಟ ಅವನಿಗೆ ಕಂಡಿದೆ.

8. ಬರೆದಿಡಿ, ಹಂಚುವ ಮುನ್ನ ಹಕ್ಕು ನೋಡಿ

ಪ್ರತಿ ಚಿತ್ರಕ್ಕೂ ಕಲಾವಿದ, ವರ್ಷ, ಊರು, ಅಳತೆ, ಮ್ಯೂಸಿಯಂನ ಸಂಗ್ರಹ ಸಂಖ್ಯೆ ಬರೆದಿಡಿ. ಸಂಗ್ರಹ ಸಂಖ್ಯೆ ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಅದೇ ಪ್ರತಿ ಮತ್ತೆ ಸಿಗುವುದು ಕಷ್ಟ. ಬಣ್ಣದ ಚಿತ್ರವಾದರೆ ಅದನ್ನೂ ಗುರುತು ಮಾಡಿ. 1800ರ ಸುಮಾರಿನ ಇಂಗ್ಲಿಷ್ ವ್ಯಂಗ್ಯಚಿತ್ರಗಳಿಗೆ, ಉದಾಹರಣೆಗೆ ರೋಲೆಂಡ್‌ಸನ್ ಬರೆದ ಡಾಕ್ಟರ್ ಬಾದರಮ್‌ಗೆ, ಬಣ್ಣ ಕೈಯಲ್ಲೇ ಹಚ್ಚುತ್ತಿದ್ದರು. ಒಂದು ಮ್ಯೂಸಿಯಂನಲ್ಲಿ ಕೋಟು ಕೆಂಪಗಿದ್ದರೆ ಇನ್ನೊಂದರಲ್ಲಿ ಬೇರೆ ಬಣ್ಣ ಇರಬಹುದು. ಬಣ್ಣದ ಮೇಲೆ ವಾದ ಕಟ್ಟಬೇಡಿ.

ಮೆಟ್ರೊಪಾಲಿಟನ್ 2017ರಿಂದ ತನ್ನ ಹಳೆಯ ಕೃತಿಗಳ ಚಿತ್ರಗಳನ್ನು ಯಾವ ಕಟ್ಟುಪಾಡೂ ಇಲ್ಲದೆ ಬಿಟ್ಟುಕೊಟ್ಟಿದೆ. ರೈಕ್ಸ್‌ಮ್ಯೂಸಿಯಂ ಕೂಡ ಉದಾರಿ. ಬ್ರಿಟಿಷ್ ಮ್ಯೂಸಿಯಂನವು ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ, ಹೆಸರು ಹೇಳಬೇಕು. ಗ್ಯಾಲಿಕಾದ ಚಿತ್ರವನ್ನು ಮಾರಾಟದ ಪುಸ್ತಕದಲ್ಲಿ ಹಾಕುವುದಾದರೆ ಮೊದಲು ಅವರನ್ನು ಕೇಳಿ. ವೆಲ್‌ಕಮ್‌ನಲ್ಲಿ ಪ್ರತಿ ಚಿತ್ರದ ಕೆಳಗೇ ಲೈಸೆನ್ಸ್ ಬರೆದಿರುತ್ತದೆ.

ಎಲ್ಲಿಂದ ಶುರು ಎಂದು ಕೇಳಿದರೆ, ಮೊದಲು ರೆಂಬ್ರಾಂಟ್, ಆಮೇಲೆ ಲೂಕಾಸ್, ಆಮೇಲೆ ಹೋಗಾರ್ತ್. ಕಾಲೊನ ಜಾತ್ರೆಯನ್ನು ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ, ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಯಿ ಎಣಿಸುವುದರಲ್ಲಿ ಅವರೇ ಮುಂದು.